ಕಾರ್ಡ್ ಕೊಳ್ಳುವ ಮುನ್ನ ಮೀಟರ್ ನೋಡಿ

ಹುಬ್ಬಳ್ಳಿಯಿಂದ ಮುಂಡಗೋಡ, ಶಿರಸಿ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ತಡಸ, ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಊರು. ಇಲ್ಲಿಯ ಒಂದು ಮನೆಯಲ್ಲಿ ಮಗ ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕು ಎನ್ನುತ್ತಿದ್ದಾನೆ ಎಂದುಕೊಳ್ಳಿ. ಈಗಿರುವ ಕಾರ್ಡ್ ಏಳೆಂಟು ವರ್ಷ ಹಳೆಯದು, ಹೊಸ ಗೇಮ್ ಹಾಕಿದರೆ ಚಿತ್ರ ತಡವರಿಸುತ್ತದೆ. ಮಧ್ಯಮ ದರ್ಜೆಯ ಹೊಸ ಕಾರ್ಡಿಗೆ ಶೇ 18ರ ಜಿಎಸ್‌ಟಿ ಸೇರಿ 30 ಸಾವಿರ ರೂಪಾಯಿಯ ಆಸುಪಾಸು ಬೇಕು. 2025–26ರಲ್ಲಿ ಮೆಕ್ಕೆಜೋಳಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಲೆಕ್ಕದಲ್ಲಿ ಒಂದು ಕಾರ್ಡ್ ಎಂದರೆ ಹನ್ನೆರಡೂವರೆ ಕ್ವಿಂಟಲ್ ಜೋಳ. ಆ ಬೆಲೆಯೂ ಮಾರುಕಟ್ಟೆಯಲ್ಲಿ ಸಿಗದೆ 2025ರ ನವೆಂಬರ್‌ನಲ್ಲಿ ಈ ಜಿಲ್ಲೆಯ ರೈತರೇ ಬೀದಿಗಿಳಿದಿದ್ದರು. ಹಾಗೆಂದು ಮಗನ ಬೇಡಿಕೆಯನ್ನು ಹುಡುಗಾಟ ಎಂದು ತಳ್ಳಿಹಾಕಬೇಕಾಗಿಲ್ಲ. ಸಿನಿಮಾ, ಕ್ರಿಕೆಟ್‌ನಂತೆ ಗೇಮ್ ಕೂಡ ಒಂದು ಹವ್ಯಾಸ, ಅದಕ್ಕೂ ಹಣ ಖರ್ಚಾಗುವುದು ಸಹಜ. ಆದರೆ ಇಷ್ಟು ದೊಡ್ಡ ಖರ್ಚನ್ನು ಯೂಟ್ಯೂಬ್‌ನಲ್ಲಿ ತೋರಿಸುವ ಅಂಕಿಗಳ ಮೇಲೆ ನಿರ್ಧರಿಸುವುದು ತಪ್ಪು. ಮನೆಯಲ್ಲೇ ಅಳೆದು ನೋಡಬಹುದಾದ ಸಂಗತಿಗಳು ಎರಡಿವೆ: ಯಂತ್ರ ನಿಜವಾಗಿ ಎಲ್ಲಿ ಸೋಲುತ್ತಿದೆ ಎಂಬುದು, ಮತ್ತು ಮನೆಯ ವಿದ್ಯುತ್ತು ಎಷ್ಟನ್ನು ತಾಳುತ್ತದೆ ಎಂಬುದು. ನಮ್ಮ ಸಣ್ಣ ಊರುಗಳಲ್ಲಿ ಕಾರ್ಡಿನ ಆಯ್ಕೆಯನ್ನು ಮೊದಲು ತೀರ್ಮಾನಿಸಬೇಕಾದದ್ದು ಅದರ ವೇಗಕ್ಕಿಂತ ಹೆಚ್ಚಾಗಿ ಅದು ಕುಡಿಯುವ ವ್ಯಾಟ್ ಎಂಬುದು ನನ್ನ ವಾದ.

ಕಾರ್ಡ್ ಮಾಡುವ ಕೆಲಸವನ್ನು ಮೊದಲು ತಿಳಿದುಕೊಳ್ಳೋಣ. ಪರದೆಯ ಮೇಲೆ ಕಾಣುವ ಚಲನೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಪ್ರತಿಯೊಂದಕ್ಕೂ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ಮೊದಲು ಆಟದ ಲೆಕ್ಕ ಮುಗಿಸಬೇಕು: ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಗುಲಿತು, ಕಾರು ಯಾವ ಕಡೆ ಹೊರಳಿತು. ಆ ಲೆಕ್ಕವನ್ನು ಹಿಡಿದು ಗ್ರಾಫಿಕ್ಸ್ ಕಾರ್ಡ್ ಚಿತ್ರ ಬರೆಯುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಅಂದರೆ 20 ಲಕ್ಷಕ್ಕೂ ಮೀರಿದ ಚುಕ್ಕೆಗಳು. ಸೆಕೆಂಡಿಗೆ 60 ಸಲ ಅಷ್ಟಕ್ಕೂ ಬಣ್ಣ ತುಂಬಬೇಕೆಂದರೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕೆಗಳಾದವು. 4ಕೆ ಪರದೆಯಾದರೆ ಅದರ ನಾಲ್ಕು ಪಟ್ಟು. ಪ್ರೊಸೆಸರ್, ಕಾರ್ಡ್ ಈ ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಆಟದ ವೇಗ. ಪ್ರೊಸೆಸರ್ ಸೆಕೆಂಡಿಗೆ 45 ಫ್ರೇಮಿನ ಲೆಕ್ಕವನ್ನಷ್ಟೇ ಕೊಡಬಲ್ಲದಾದರೆ, ಲಕ್ಷ ರೂಪಾಯಿಯ ಕಾರ್ಡ್ ಹಾಕಿದರೂ ನಲವತ್ತೈದನ್ನು ದಾಟಲಾಗದು. ಕಾರ್ಡ್ ಹೊಸದು, ಆಟ ಹಳೆಯ ಹಾಗೆಯೇ ಎಂಬ ನಿರಾಸೆ ಹುಟ್ಟುವುದು ಬಹುಪಾಲು ಇಲ್ಲಿಯೇ.

ಯಾರು ನಿಧಾನ ಎಂದು ಕಂಡುಕೊಳ್ಳಲು ಒಂದು ಪೈಸೆಯೂ ಬೇಡ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ಜಿಪಿಯು (ಅಂದರೆ ಗ್ರಾಫಿಕ್ಸ್ ಕಾರ್ಡ್) ಎಷ್ಟೆಷ್ಟು ದುಡಿಯುತ್ತಿವೆ ಎಂಬುದು ಶೇಕಡಾವಾರು ಕಾಣುತ್ತದೆ. ಆಟ ತಡವರಿಸುವ ಜಾಗದಲ್ಲೇ ಹತ್ತು ನಿಮಿಷ ಆಡಿ, ಆಮೇಲೆ ಆ ಪುಟ ನೋಡಿ. ಜಿಪಿಯು 95ರ ಮೇಲೆ ನಿಂತೇ ಇದ್ದರೆ ಕಾರ್ಡ್ ತನ್ನ ಶಕ್ತಿಯನ್ನೆಲ್ಲ ಹಾಕಿ ಸೋಲುತ್ತಿದೆ ಎಂದರ್ಥ. ಹೊಸ ಕಾರ್ಡಿನ ಮಾತಿಗೆ ಆಧಾರ ಸಿಕ್ಕಿತು. ಜಿಪಿಯು 50, 60ರಲ್ಲಿ ಆಡುತ್ತಾ ಆಟ ಮಾತ್ರ ಕುಂಟುತ್ತಿದ್ದರೆ ತಪ್ಪು ಬೇರೆ ಕಡೆ ಇದೆ. ಇನ್ನೊಂದು ಪರೀಕ್ಷೆ ಇದಕ್ಕಿಂತ ಸರಳ. ಆಟದ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಪ್ರೊಸೆಸರ್‌ನ ಕೆಲಸ ಹಾಗೆಯೇ ಉಳಿಯುತ್ತದೆ. ಫ್ರೇಮ್‌ಗಳ ಸಂಖ್ಯೆ ಜಿಗಿದರೆ ಅಡ್ಡಿಯಾಗಿದ್ದದ್ದು ಕಾರ್ಡ್; ಅಲ್ಲಾಡದೆ ನಿಂತರೆ ಕಾರ್ಡ್ ನಿರ್ದೋಷಿ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2ರಂಥ ಸ್ಪರ್ಧಾ ಆಟಗಳಲ್ಲಿ ಪ್ರೊಸೆಸರ್ ಮೇಲಿನ ಹೊರೆಯೇ ಹೆಚ್ಚು. 2020ರಲ್ಲಿ ವ್ಯಾಲೊರಂಟ್ ಬಂದಾಗ ಸೆಕೆಂಡಿಗೆ 144 ಫ್ರೇಮ್ ಬೇಕೆನ್ನುವವರಿಗೂ ಅದನ್ನು ಮಾಡಿದ ಕಂಪನಿ ಸೂಚಿಸಿದ್ದು 2016ರ ಜಿಟಿಎಕ್ಸ್ 1050 ಟಿಐ ಕಾರ್ಡನ್ನು. ಸಂಜೆಯ ಹೊತ್ತು ಅದೊಂದನ್ನೇ ಆಡುವವನಿಗೆ 30 ಸಾವಿರದ ಕಾರ್ಡ್ ಕೊಡಿಸಿ ಆಗುವ ಲಾಭ ಬಹಳ ಕಡಿಮೆ.

ಕಾರ್ಡಿನ ಮೇಲೆ ಬರುವ ದೂರುಗಳಲ್ಲಿ ಕೆಲವು ಅದರವಲ್ಲವೇ ಅಲ್ಲ. 8 ಜಿಬಿಯ ಒಂದೇ ರ‍್ಯಾಮ್ ಹಾಕಿದ ಯಂತ್ರಕ್ಕೆ ಅದರ ಜೋಡಿಯನ್ನು ಸೇರಿಸಿದರೆ ತಡವರಿಕೆ ಎಷ್ಟೋ ಕಡಿಮೆಯಾಗುತ್ತದೆ. ಗೇಮ್ ಇನ್ನೂ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಅದನ್ನು ಎಸ್‌ಎಸ್‌ಡಿಗೆ ವರ್ಗಾಯಿಸುವುದೇ ದೊಡ್ಡ ಬದಲಾವಣೆ. ಮಾನಿಟರ್‌ನ ಕೇಬಲನ್ನು ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿಟ್ಟು, ಕಾರ್ಡ್ ಕೆಲಸವೇ ಮಾಡುತ್ತಿಲ್ಲ ಎನ್ನುವವರೂ ಉಂಟು. ಪರದೆ 60 ಹರ್ಟ್ಸ್‌ನದಾದರೆ ಅದು ಸೆಕೆಂಡಿಗೆ ತೋರಿಸುವುದು 60 ಚಿತ್ರಗಳನ್ನಷ್ಟೇ; ಕಾರ್ಡ್ 120 ಬರೆದರೂ ಉಳಿದದ್ದು ಕಣ್ಣಿಗೆ ಬೀಳದು. ಹೆಚ್ಚು ಫ್ರೇಮ್ ಬಂದರೆ ಸ್ಪರ್ಧೆಯಲ್ಲಿ ಆಡುವವರಿಗೆ ಕೈಗೂ ಪರದೆಗೂ ನಡುವಿನ ವಿಳಂಬ ತುಸು ತಗ್ಗುತ್ತದೆ ಎಂಬುದು ನಿಜ. ಆದರೆ ಅಂಥವರು ಮೊದಲು ಕೊಳ್ಳಬೇಕಾದದ್ದು 144 ಹರ್ಟ್ಸ್‌ನ ಮಾನಿಟರ್. ಇನ್ನು ಧೂಳು. ತಡಸದ ಸುತ್ತಮುತ್ತ ಸುಗ್ಗಿಯ ಹೊತ್ತಿಗೆ ಮೆಕ್ಕೆಜೋಳದ ಒಕ್ಕಣೆ ಯಂತ್ರಗಳು ಓಡುತ್ತವೆ, ಅದರ ಹೊಟ್ಟು ಗಾಳಿಯಲ್ಲಿ ತೇಲಿ ಮನೆಯೊಳಗೆ ಬರುತ್ತದೆ. ಕಾರ್ಡಿನ ಫ್ಯಾನ್ ತೆಗೆದು ನೋಡಿದರೆ ಅದರಡಿಯ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಬೂದು ಬಣ್ಣದ ಕಂಬಳಿಯಂಥ ಪದರ ಕೂತಿರುತ್ತದೆ. ಗಾಳಿ ನುಗ್ಗದೆ ಚಿಪ್ ಕಾಯುತ್ತದೆ, ಕಾದ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್‌ನ ಅದೇ ಪುಟದಲ್ಲಿ ಜಿಪಿಯುವಿನ ಉಷ್ಣಾಂಶವೂ ಕಾಣುತ್ತದೆ. ಅದು 85 ಡಿಗ್ರಿಯ ಮೇಲೆ ಹೋಗುತ್ತಿದ್ದರೆ ಮೊದಲು ಬ್ರಷ್ ಹಿಡಿದು ಸ್ವಚ್ಛ ಮಾಡಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಕೆಲವು ನೂರು ರೂಪಾಯಿಯ ಕೆಲಸವದು, ಮೂವತ್ತು ಸಾವಿರದ್ದಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕಾರ್ಡೇ ಸೋಲುತ್ತಿದೆ ಎಂದು ಖಚಿತವಾದರೆ, ಯಾವುದನ್ನು ಕೊಳ್ಳಬೇಕು? ವಿದ್ಯುತ್ತಿನ ಮಾತು ಬರುವುದು ಇಲ್ಲಿ. ಗೇಮಿಂಗ್ ಬಗ್ಗೆ ಬರೆಯುವವರು, ವಿಡಿಯೊ ಮಾಡುವವರು ಬಹುತೇಕ ದೊಡ್ಡ ನಗರಗಳಲ್ಲಿ ಕೂತವರು. ಕಾರ್ಡ್ ಎಷ್ಟು ಫ್ರೇಮ್ ಕೊಡುತ್ತದೆ ಎಂದು ಅಳೆಯುತ್ತಾರೆ, ಅದನ್ನು ನಡೆಸಲು ಎಂಥ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಬೇಕು ಎಂಬುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ತೊಡಕು ಶುರುವಾಗುವುದೇ ಆ ಎಸ್‌ಎಂಪಿಎಸ್‌ನಿಂದ. ಕಚೇರಿಗಳಲ್ಲಿ ಬಳಸಿ ಬಿಟ್ಟ ಡೆಲ್, ಎಚ್‌ಪಿ ಕಂಪ್ಯೂಟರ್‌ಗಳು ರಿಫರ್ಬಿಶ್ಡ್ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಮೊದಲ ಕಂಪ್ಯೂಟರ್ ಎಂದು ಅದನ್ನು ಕೊಳ್ಳುವ ಮನೆಗಳು ಹಲವು. ಅವುಗಳಲ್ಲಿ ಅನೇಕದರ ಎಸ್‌ಎಂಪಿಎಸ್ 300 ವ್ಯಾಟ್ ಕೂಡ ಇರುವುದಿಲ್ಲ, ಕಾರ್ಡಿಗೆ ಬೇರೆಯಾಗಿ ಕರೆಂಟ್ ಕೊಡುವ ಆರು ಅಥವಾ ಎಂಟು ಪಿನ್ನಿನ ವೈರೂ ಇರುವುದಿಲ್ಲ. ಅದರ ಆಕಾರ ಆಯಾ ಕಂಪನಿಯದೇ ಆದ್ದರಿಂದ ಹೊರಗಿನ ಎಸ್‌ಎಂಪಿಎಸ್ ಒಳಗೆ ಕೂರುವುದೂ ಕಷ್ಟ. ಇನ್ನು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ ಯಂತ್ರವಾದರೆ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್‌ನ ಮೇಲೆ 450 ವ್ಯಾಟ್ ಎಂಬ ಚೀಟಿ ಅಂಟಿಸಿರುತ್ತದೆ. ಅಷ್ಟು ಕೆಲಸ ಅದರಿಂದ ಆಗುವುದು ಅಪರೂಪ. ಹೊರೆ ಏರಿದಾಗ ಯಂತ್ರ ತಟ್ಟನೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಶಂಕಿಸಬೇಕಾದದ್ದು ಅದನ್ನೇ. ಕೆಟ್ಟ ಎಸ್‌ಎಂಪಿಎಸ್ ಸುಡುವಾಗ ಕೆಲವೊಮ್ಮೆ ಮದರ್‌ಬೋರ್ಡನ್ನೂ ಹೊಸ ಕಾರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ.

ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ತಾನೇ 75 ವ್ಯಾಟ್‌ವರೆಗೆ ಕರೆಂಟ್ ಕೊಡಬಲ್ಲದು. ಅಷ್ಟರೊಳಗೆ ಮುಗಿಯುವ ಕಾರ್ಡಿಗೆ ಬೇರೆ ವೈರೇ ಬೇಡ. ಎನ್‌ವಿಡಿಯಾ 2024ರ ಫೆಬ್ರುವರಿಯಲ್ಲಿ ತಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ ಕೇವಲ 70 ವ್ಯಾಟ್‌ನದು. ಸಣ್ಣ ಕ್ಯಾಬಿನೆಟ್‌ಗೆ ಹೊಂದುವ ಗಿಡ್ಡ ಮಾದರಿಗಳೂ ಇವೆ. ದೊಡ್ಡ ಕಾರ್ಡುಗಳ ಮುಂದೆ ಅದು ದುರ್ಬಲವೇ. ಆದರೆ ಕಾರ್ಡೇ ಇಲ್ಲದ ರಿಫರ್ಬಿಶ್ಡ್ ಯಂತ್ರವನ್ನು ಬೇರೇನನ್ನೂ ಬದಲಿಸದೆ ಫುಲ್ ಎಚ್‌ಡಿಯಲ್ಲಿ ಆಡುವಂತೆ ಮಾಡುವ ಕಾರ್ಡ್ ಅದು. ಒಳ್ಳೆಯ ಎಸ್‌ಎಂಪಿಎಸ್ ಇರುವ ಯಂತ್ರಕ್ಕಾದರೆ ಮುಂದಿನ ಮೆಟ್ಟಿಲು ನೋಡಬಹುದು. 2016ರ ಜಿಟಿಎಕ್ಸ್ 1060 ಕುಡಿಯುತ್ತಿದ್ದುದು 120 ವ್ಯಾಟ್. 2023ರ ಆರ್‌ಟಿಎಕ್ಸ್ 4060 ಸುಮಾರು ಎರಡು ಪಟ್ಟು ವೇಗ ಕೊಟ್ಟೂ 115 ವ್ಯಾಟ್‌ನಲ್ಲೇ ಇದೆ. ಎಎಂಡಿಯ ಆರ್‌ಎಕ್ಸ್ 6600ಗೆ 132, 2025ರ ಆರ್‌ಟಿಎಕ್ಸ್ 5060ಗೆ 145. ಹಳೆಯ 1060 ಇಟ್ಟುಕೊಂಡವರು ಇವುಗಳಲ್ಲಿ ಒಂದಕ್ಕೆ ಏರಿದರೆ ಮನೆಯ ವಿದ್ಯುತ್ ವ್ಯವಸ್ಥೆಗೆ ಹೆಚ್ಚಿನ ಹೊರೆಯೇನೂ ಬೀಳದು. 

ಕಡಿಮೆ ವ್ಯಾಟ್‌ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವಂಥದ್ದೇ. ಅದೇ ಹಣಕ್ಕೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಇನ್ನೂ ಬಲವಾದ ಕಾರ್ಡ್ ಸಿಗುವಾಗ ಸಣ್ಣ ಕಾರ್ಡಿಗೆ ಹೊಸ ಬೆಲೆ ಏಕೆ ಕೊಡಬೇಕು? ಉದಾಹರಣೆಗೆ 2020ರ ಆರ್‌ಟಿಎಕ್ಸ್ 3080. ವೇಗದಲ್ಲಿ ಅದು 4060ನ್ನು ಬಹಳ ಹಿಂದೆ ಹಾಕುತ್ತದೆ, ಸಂಶಯವಿಲ್ಲ. ಆದರೆ ಅದು ಕುಡಿಯುವುದು 320 ವ್ಯಾಟ್. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 120 ಗಂಟೆ ಆಡಿದರೆ ಎರಡು ಕಾರ್ಡುಗಳ ನಡುವಿನ 205 ವ್ಯಾಟ್ ವ್ಯತ್ಯಾಸ ಸುಮಾರು 25 ಯೂನಿಟ್ ಆಗುತ್ತದೆ. 2023ರ ಜುಲೈನಿಂದ ಜಾರಿಯಲ್ಲಿರುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಶೂನ್ಯ ಬಿಲ್ ಎಂಬುದು ಎಲ್ಲರಿಗೂ ಗೊತ್ತು. ಆದರೆ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಒಂದು ಪಾಲಿದೆ. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200ನ್ನೇ ದಾಟಿದರೆ ಇಡೀ ಬಿಲ್ ಮನೆಯವರ ತಲೆಗೆ. ಫ್ರಿಜ್, ಫ್ಯಾನ್, ಮಿಕ್ಸರ್, ಟಿವಿ ಎಲ್ಲ ಸೇರಿ 180 ಯೂನಿಟ್ ಬಳಸುವ ಮನೆಯಲ್ಲಿ ಈ 25 ಯೂನಿಟ್ ಗಡಿಯನ್ನು ದಾಟಿಸಿಬಿಡುತ್ತದೆ. ಹೆಸ್ಕಾಂ ವಿದ್ಯುತ್ ಬಿಲ್ಲಿನ ಹಿಂದಿನ ಐದಾರು ತಿಂಗಳ ಯೂನಿಟ್‌ಗಳನ್ನು ಒಮ್ಮೆ ಎತ್ತಿ ನೋಡದೆ ಕಾರ್ಡ್ ಆರಿಸಬಾರದು ಎನ್ನುವುದು ಇದಕ್ಕಾಗಿ. ಅಗ್ಗಕ್ಕೆ ಸಿಕ್ಕಿದ 3080ರ ಜೊತೆ ದೊಡ್ಡ ಎಸ್‌ಎಂಪಿಎಸ್ ಒಂದನ್ನೂ ಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ತಡೆಯುವುದು 360 ವ್ಯಾಟ್‌ನಷ್ಟು ಮಾತ್ರ. ಆಟದ ನಡುವೆ ಕರೆಂಟ್ ಹೋದರೆ ಅದು ಒಂದು ಕ್ಷಣವೂ ತಾಳದೆ ಕೂಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುವುದು, ಮಳೆಗಾಲದಲ್ಲಿ ಲೈನ್ ಬಿದ್ದು ಕರೆಂಟ್ ಹೋಗಿ ಬರುವುದು ಹಳ್ಳಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವ ಮನೆಗಳಲ್ಲಂತೂ ಕಾರ್ಡಿಗೂ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಪಡಿಸಿಕೊಳ್ಳಬೇಕು. ಇದು ಯಂತ್ರಕ್ಕಿಂತ ಮನುಷ್ಯರ ಜೀವದ ಪ್ರಶ್ನೆ.

ಸೆಕೆಂಡ್‌ಹ್ಯಾಂಡ್ ಪೂರ್ತಿ ಬೇಡವೆಂದಲ್ಲ, ಕಡಿಮೆ ವ್ಯಾಟ್‌ನ ಕಾರ್ಡಾದರೆ ಅದು ಒಳ್ಳೆಯ ದಾರಿಯೇ. ಎಚ್ಚರ ಬೇಕಾದದ್ದು ಅದರ ಪೂರ್ವಚರಿತ್ರೆಯ ಬಗ್ಗೆ. 2020ರಿಂದ 2022ರವರೆಗೆ ಕ್ರಿಪ್ಟೊ ನಾಣ್ಯ ಗಳಿಸಲು ಜಗತ್ತಿನಾದ್ಯಂತ ಲಕ್ಷಾಂತರ ಕಾರ್ಡುಗಳನ್ನು ಹಗಲೂ ರಾತ್ರಿ ದುಡಿಸಲಾಯಿತು. 2022ರ ಸೆಪ್ಟೆಂಬರ್ 15ರಂದು ಅಂಥ ನಾಣ್ಯಗಳಲ್ಲೊಂದಾದ ಇಥೀರಿಯಂ ಕಾರ್ಡುಗಳ ದುಡಿಮೆ ಬೇಡದ ವಿಧಾನಕ್ಕೆ ಬದಲಾದಾಗ ಆ ಕಾರ್ಡುಗಳು ಒಮ್ಮೆಲೇ ನಿರುದ್ಯೋಗಿಗಳಾಗಿ ಮಾರುಕಟ್ಟೆಗೆ ಹರಿದು ಬಂದವು. ಅಂಥ ಕಾರ್ಡುಗಳಲ್ಲಿ ಫ್ಯಾನ್ ಸವೆದಿರುವ, ಮೆಮೊರಿ ಕಾದು ಬಳಲಿರುವ ಸಾಧ್ಯತೆ ಉಂಟು. ಅಂಗಡಿಯವರ ಎದುರಿನಲ್ಲೇ ಅರ್ಧ ಗಂಟೆ ಭಾರೀ ಗೇಮ್ ಓಡಿಸಿ, ಪರದೆಯ ಮೇಲೆ ಬಣ್ಣದ ಚೌಕಗಳು ಮೂಡುತ್ತವೆಯೇ, ಫ್ಯಾನ್ ಗರಗರ ಎನ್ನುತ್ತದೆಯೇ ನೋಡಿ ಹಣ ಕೊಡಬೇಕು. ಬಿಲ್ ಮತ್ತು ಸೀರಿಯಲ್ ನಂಬರ್ ಇದ್ದರೆ ವಾರಂಟಿ ಎಷ್ಟು ಉಳಿದಿದೆ ಎಂದು ಕಂಪನಿಯಿಂದಲೇ ತಿಳಿಯಬಹುದು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಾವಿರ ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಬಿಲ್ಲಿಲ್ಲದೆ ತರುವುದಕ್ಕಿಂತ ಹುಬ್ಬಳ್ಳಿಯ ಪರಿಚಯದ ಅಂಗಡಿಯಲ್ಲಿ ಬಿಲ್ ಸಮೇತ ಕೊಳ್ಳುವುದು ಲೇಸು. ಕೆಟ್ಟಾಗ ಬಸ್ಸು ಹತ್ತಿ ಹೋಗಿ ಕೇಳುವಷ್ಟು ಹತ್ತಿರ ಅದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹೊಸ ಆಟಗಳು ಹಳೆಯ ಕಾರ್ಡನ್ನು ಒಳಗೇ ಬಿಟ್ಟುಕೊಳ್ಳುತ್ತಿಲ್ಲ, ಆಗ ಅಳತೆ ಮಾಡಿ ಪ್ರಯೋಜನವೇನು ಎನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ಕನಿಷ್ಠ ಆರ್‌ಟಿಎಕ್ಸ್ 2060 ಸೂಪರ್ ಕೇಳುತ್ತದೆ. ಬೆಳಕಿನ ಕಿರಣಗಳ ಚಲನೆಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಶ ಇಲ್ಲದ ಕಾರ್ಡಿನಲ್ಲಿ ಅದನ್ನು ಆಡುವಂತಿಲ್ಲ. 2025ರ ಡೂಮ್ ಆಟದ್ದೂ ಅದೇ ಷರತ್ತು. ಇದರ ಜೊತೆಗೆ ಜಿಟಿಎಕ್ಸ್ 900 ಮತ್ತು 1000 ಸರಣಿಗಳಿಗೆ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿತು. 2028ರ ಅಕ್ಟೋಬರ್‌ವರೆಗೆ ಬರುವುದು ಸುರಕ್ಷತೆಯ ತಿದ್ದುಪಡಿಗಳಷ್ಟೇ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಬೆಂಬಲ ನಿಂತದ್ದೂ 2025ರ ಅಕ್ಟೋಬರ್ 14ರಂದು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಒಂದು ಷರತ್ತಿನ ಮೇಲೆ. ನೀವು ಆಡಬೇಕೆಂದಿರುವುದು ಆ ಹೊಸ ಆಟಗಳನ್ನೇ ಆಗಿರಬೇಕು. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5, ಕೌಂಟರ್ ಸ್ಟ್ರೈಕ್, ಕ್ರಿಕೆಟ್ ಆಟಗಳಲ್ಲೇ ಸಂಜೆ ಕಳೆಯುವವನಿಗೆ ಡ್ರೈವರ್ ನಿಂತ ಮಾತ್ರಕ್ಕೆ ಕಾರ್ಡ್ ಸಾಯುವುದಿಲ್ಲ. ಹಳೆಯ ಕಾರ್ಡಿನ ಆಯುಷ್ಯ ಹೆಚ್ಚಿಸುವ ಉಪಾಯವೂ ಇದೆ. 2021ರಲ್ಲಿ ಎಎಂಡಿ ಬಿಡುಗಡೆ ಮಾಡಿದ ಎಫ್‌ಎಸ್‌ಆರ್ ಎಂಬ ತಂತ್ರ ಚಿತ್ರವನ್ನು ಚಿಕ್ಕದಾಗಿ ಬರೆಸಿ ಆಮೇಲೆ ಪರದೆಯ ಅಳತೆಗೆ ಹಿಗ್ಗಿಸುತ್ತದೆ. ಅದು ಎನ್‌ವಿಡಿಯಾದ ಹಳೆಯ ಜಿಟಿಎಕ್ಸ್ ಕಾರ್ಡುಗಳಲ್ಲೂ ನಡೆಯುತ್ತದೆ. ಆಟ ಅದನ್ನು ಒದಗಿಸಿದ್ದರೆ ಸೆಟ್ಟಿಂಗ್‌ನಲ್ಲಿ ಕ್ವಾಲಿಟಿ ಎಂಬುದನ್ನು ಆರಿಸಿ ನೋಡಿ. ಕೊಳ್ಳುವುದನ್ನು ಒಂದೆರಡು ವರ್ಷ ಮುಂದೂಡಲು ಅಷ್ಟು ಸಾಕಾಗಬಹುದು.

ಮುಂದೂಡಿದರೆ ಬೆಲೆ ಏರುತ್ತದಲ್ಲ ಎಂಬ ಭಯ ಈಗ ಎಲ್ಲ ಕಡೆ ಇದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ಗಗನಕ್ಕೇರಿತು; ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಕಾರ್ಡಿನಲ್ಲೂ ಮೆಮೊರಿ ಇರುವುದರಿಂದ ಅದರ ಬೆಲೆಗೂ ಬಿಸಿ ತಟ್ಟುವುದು ಸಹಜ. ಆದರೂ 2021ನ್ನು ನೆನಪಿಸಿಕೊಳ್ಳಬೇಕು. ಆಗಲೂ ಕಾರ್ಡುಗಳು ಸಿಗದೆ ಬೆಲೆ ದುಪ್ಪಟ್ಟಾಯಿತು, ಮುಂದೆ ಇನ್ನೂ ಏರುತ್ತದೆ ಎಂದು ಹೆದರಿ ಕೊಂಡವರು 2022ರ ದ್ವಿತೀಯಾರ್ಧದ ಕುಸಿತವನ್ನು ನೋಡಿ ಕೈ ಹಿಸುಕಿಕೊಂಡರು. ಈ ಸಲವೂ ಹಾಗೆಯೇ ಆಗುತ್ತದೆಂದು ಭರವಸೆ ಕೊಡಲಾಗದು. ಅಳತೆಯಲ್ಲಿ ಅಗತ್ಯ ಕಂಡವರು ಬೆಲೆ ಇಳಿಯಲೆಂದು ಕಾಯಬೇಕಾಗಿಲ್ಲ, ಕಾಣದವರು ಏರುತ್ತದೆಂದು ಕೊಳ್ಳಬೇಕಾಗಿಲ್ಲ.

ಓದಿಗೂ ಬರುತ್ತದೆ ಎಂಬ ಮಾತು ತಂದೆ ತಾಯಿಯರ ಮುಂದೆ ಬಹಳ ಕೆಲಸ ಮಾಡುತ್ತದೆ, ಅದು ಸುಳ್ಳೂ ಅಲ್ಲ. ಹುಬ್ಬಳ್ಳಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ ಬ್ಲೆಂಡರ್ ತಂತ್ರಾಂಶದಲ್ಲಿ ಮಾದರಿ ಕಟ್ಟಲು, ವಿಡಿಯೊ ಎಡಿಟ್ ಮಾಡಲು, ಮಷಿನ್ ಲರ್ನಿಂಗ್ ಕಲಿಯಲು ಕಾರ್ಡ್ ಬಳಸಬಹುದು. ಹಾಗಿದ್ದರೆ ಆಯ್ಕೆಯ ಲೆಕ್ಕ ಸ್ವಲ್ಪ ಬದಲಾಗುತ್ತದೆ: ಆ ಕೆಲಸಗಳಿಗೆ ಕಾರ್ಡಿನ ವೇಗಕ್ಕಿಂತ ಮೆಮೊರಿ ಮುಖ್ಯ, ಆದ್ದರಿಂದ 8 ಜಿಬಿಯ 4060ಗಿಂತ 12 ಜಿಬಿಯ ಹಳೆಯ ಆರ್‌ಟಿಎಕ್ಸ್ 3060 ಹೆಚ್ಚು ಬಾಳಿಕೆಗೆ ಬರಬಹುದು. ಅದರ 170 ವ್ಯಾಟ್ ಕೂಡ ಒಳ್ಳೆಯ ಎಸ್‌ಎಂಪಿಎಸ್‌ನ ಮಿತಿಯಲ್ಲೇ ಇದೆ. ಕಲಿಕೆಯ ಮೊದಲ ಹಂತಕ್ಕೆ ಗೂಗಲ್ ಕೊಲ್ಯಾಬ್ ಪುಕ್ಕಟೆಯಾಗಿಯೇ ಜಿಪಿಯು ಕೊಡುತ್ತದೆ. ಅಲ್ಲಿ ಒಂದು ಸೆಮಿಸ್ಟರ್ ದುಡಿದು, ಅದರ ಮಿತಿ ತಾಗಿದ ಮೇಲೆ ಕಾರ್ಡ್ ಕೇಳಿದರೆ ಆ ಬೇಡಿಕೆಗೆ ತೂಕವಿರುತ್ತದೆ.

ಹಳೆಯ ಯಂತ್ರಕ್ಕೆ ಹೊಸ ಕಾರ್ಡ್ ಹಾಕುವವರು ಕೊನೆಯದಾಗಿ ಗಮನಿಸಬೇಕಾದ ಒಂದೆರಡು ಹೊಂದಾಣಿಕೆಯ ಸಂಗತಿಗಳಿವೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡಿನೊಡನೆ ನಾಲ್ಕೇ ದಾರಿಗಳಲ್ಲಿ ಮಾತಾಡುತ್ತದೆ. ಹಳೆಯ ತಲೆಮಾರಿನ ಸ್ಲಾಟ್‌ನಲ್ಲಿ ಅದರ ವೇಗ ಸಾಕಷ್ಟು ಕುಗ್ಗುತ್ತದೆ. ಇಂಟೆಲ್‌ನ ಬಿ580 ಬೆಲೆಗೆ ತಕ್ಕ ಒಳ್ಳೆಯ ಕಾರ್ಡ್, 12 ಜಿಬಿ ಮೆಮೊರಿಯೂ ಇದೆ. ಆದರೆ ಮದರ್‌ಬೋರ್ಡಿನಲ್ಲಿ ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ತಲುಪಲು ಬಿಡುವ ರೀಸೈಜಬಲ್ ಬಾರ್ ಸೌಲಭ್ಯ ಇಲ್ಲದಿದ್ದರೆ ಅದು ಮಂಕಾಗುತ್ತದೆ, ಹತ್ತು ವರ್ಷದ ಹಿಂದಿನ ಯಂತ್ರಗಳಲ್ಲಿ ಆ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಕಾರ್ಡಿನ ಉದ್ದವನ್ನು ಕ್ಯಾಬಿನೆಟ್ ಒಳಗಿನ ಜಾಗದ ಜೊತೆ ಟೇಪು ಹಿಡಿದು ನೋಡಿಕೊಳ್ಳುವುದೂ ಮುಖ್ಯ.

ಕಾರ್ಡ್ ಬೇಕೆನ್ನುವ ಮಕ್ಕಳಿಗೂ, ಹಣ ಕೊಡುವ ಹಿರಿಯರಿಗೂ ನನ್ನದೊಂದು ಮನವಿ. ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ಜೊತೆಯಾಗಿ ಆ ಕಂಪ್ಯೂಟರ್ ಮುಂದೆ ಕೂತು ಟಾಸ್ಕ್ ಮ್ಯಾನೇಜರ್ ನೋಡಿ, ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್‌ನ ಚೀಟಿ ಓದಿ, ಹೆಸ್ಕಾಂ ಬಿಲ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಮೂರೂ ಹೌದೆಂದರೆ 150 ವ್ಯಾಟ್‌ನೊಳಗಿನ, ಕನಿಷ್ಠ 8 ಜಿಬಿಯ ಕಾರ್ಡನ್ನು ಬಿಲ್ ಸಮೇತ ಧೈರ್ಯವಾಗಿ ತನ್ನಿ. ಎಸ್‌ಎಂಪಿಎಸ್‌ನಲ್ಲಿ ಪಿನ್ ಇಲ್ಲದಿದ್ದರೆ 70 ವ್ಯಾಟ್‌ನ 3050ಗೆ ತೃಪ್ತರಾಗಿ. ಉಳಿದಂತೆ ಮೂರರಲ್ಲಿ ಒಂದು ಬೇಡವೆಂದರೂ ಮೊದಲು ಅದನ್ನು ಸರಿಪಡಿಸಿ, ಕಾರ್ಡಿನ ಹಣವನ್ನು ಬ್ಯಾಂಕಿನಲ್ಲೇ ಬಿಡಿ.